ಅಪ್ಪನ ಪಟ್ಟು

ಅಪ್ಪನ ಮೈಗೆ ಎಣ್ಣೆ ಹಚ್ಚಲು ನನಗೆ ಹೆದರಿಕೆ. ಹೆತ್ತ ತಂದೆಗೆ ಹೆದರುವ ಇವಳೆಂಥ ಮಗಳು ಎನ್ನುವವರು ಒಂದು ಬೆಳಿಗ್ಗೆ ನವನಗರದ ನಮ್ಮ ಮನೆಗೆ ಬಂದು ತಾವೇ ಹಚ್ಚಿ ನೋಡಲಿ.

ಹುನಗುಂದದ ಗರಡಿಯಲ್ಲಿ ಅಪ್ಪ ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದನಾಗಿದ್ದ. ಉಳುಕು ತೆಗೆಸಿಕೊಳ್ಳಲು ಅಮೀನಗಡದಿಂದ, ಇಳಕಲ್ಲಿನಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. "ಕುತಗಿ ಮುರಿಯೂದೂ ಇದ ಪಟ್ಟು, ಉಳುಕು ತಗಿಯೂದೂ ಇದ ಪಟ್ಟು. ಕೈಗೇನ್ ಗೊತ್ತು? ಮನಸಿನ್ಯಾಗ ಏನೈತಿ ಅನ್ನೂದ ಖರೆ" ಎಂದು ಹುಡುಗರಿಗೆ ಹೇಳುತ್ತಿದ್ದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಅದೇನೂ ದೊಡ್ಡ ಮಾತೆನಿಸಿರಲಿಲ್ಲ.

ಈಗ ಅಪ್ಪನಿಗೆ ಮರೆವಿನ ರೋಗ. ನನ್ನ ಹೆಸರು ಹೋಯಿತು, ಉಂಡದ್ದು ಹೋಯಿತು, ತೀರಿಹೋದ ಅವ್ವ ಅವನ ನೆನಪಿನಿಂದಲೂ ಹೋದಳು. ಪಟ್ಟುಗಳು ಮಾತ್ರ ಒಂದೂ ಹೋಗಿಲ್ಲ. ಮನಸ್ಸೇ ಖಾಲಿಯಾದ ಮೇಲೆ ಎಲ್ಲಿ ನಿಲ್ಲಬೇಕೆಂದು ಆ ಕೈಗಳಿಗೆ ಹೇಳುವವರು ಯಾರು?

ದಿನಾ ಮಾಲೀಶ್ ಮಾಡದಿದ್ದರೆ ಕೀಲುಗಳು ಬಿಗಿದು ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಹೇಳಿದ್ದಾರೆ. ಮಾಡಲು ಹೋದರೆ ಯಾವಾಗ ಕೈ ತಿರುವುತ್ತಾನೋ ಗೊತ್ತಿಲ್ಲ. ಮಾಲೀಶಿಗೆಂದು ಗೊತ್ತುಮಾಡಿದ್ದ ಗಂಡಾಳು ಒಂದೇ ದಿನಕ್ಕೆ ದೊಡ್ಡ ನಮಸ್ಕಾರ ಹಾಕಿ ಹೋದ. ಇಳಕಲ್ಲಿನಲ್ಲಿರುವ ತಮ್ಮ ಫೋನಿನಲ್ಲಿ, "ಅಕ್ಕಾ, ಮೊದಲ ಕೈ ಕಟ್ಟಿ ಆಮ್ಯಾಲ ಹಚ್ಚಬೇ" ಎಂದ.

"ನೀನ ಬಂದು ಕಟ್ಟು ಬಾ" ಎಂದು ಫೋನಿಟ್ಟೆ. ಅಲ್ಲಿ ಕೂತು ಹೇಳುವುದಕ್ಕೆ ಅವನ ಗಂಟೇನು ಹೋಗಬೇಕು! ಆದರೂ ಮರುದಿನದಿಂದ ಹಳೆಯ ಸೀರೆಯ ತುಂಡೊಂದನ್ನು ಮಡಚಿ ಎಣ್ಣೆಯ ಬಟ್ಟಲಿನ ಪಕ್ಕ ಇಟ್ಟುಕೊಳ್ಳತೊಡಗಿದೆ.

ಮೊನ್ನೆ ಬೆಳಿಗ್ಗೆ ನನ್ನ ಗಂಡ ಡ್ಯೂಟಿಗೆ ಹೋಗಿದ್ದರು. ಅಪ್ಪನನ್ನು ಚಾಪೆಯ ಮೇಲೆ ಕೂರಿಸಿ ಎಡಭುಜ ತಿಕ್ಕುತ್ತಿದ್ದಾಗ ಅವನ ಬೆರಳುಗಳು ಅಲುಗಿದವು. ಮೆಲ್ಲಗೆ ಆ ಬಟ್ಟೆಗೆ ಕೈ ಚಾಚಿದೆ. ಕಟ್ಟಿಹಾಕುವ ನನ್ನ ಯೋಚನೆ ಅವನಿಗೆ ಹೇಗೆ ತಿಳಿಯಿತೋ! ಕಣ್ಣು ಮುಚ್ಚಿ ತೆಗೆಯುವುದರೊಳಗೆ ನನ್ನ ಮಣಿಕಟ್ಟು ಬೆನ್ನ ಹಿಂದಿತ್ತು, ಅವನ ಇನ್ನೊಂದು ತೋಳು ಕುತ್ತಿಗೆಯನ್ನು ಸುತ್ತಿತ್ತು, ನನ್ನ ಮುಖ ನೆಲಕ್ಕೆ ಒತ್ತಿಕೊಂಡಿತ್ತು.

"ಅಪ್ಪಾ, ನಾನಪಾ, ನಿನ್ನ ಮಗಳು!"

ತೋಳು ಇನ್ನಷ್ಟು ಬಿಗಿಯಿತು. ನಾನು ಕೊಸರಿದಷ್ಟೂ ಬಿಗಿಯಿತು. ಕೂಗಲು ಉಸಿರಿರಲಿಲ್ಲ. ಸಾಯುತ್ತೇನೆ ಅನಿಸಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು, ಕೊಂದದ್ದು ಯಾರನ್ನೆಂದು ಅಪ್ಪನಿಗೆ ಕೊನೆಗೂ ಗೊತ್ತಾಗುವುದಿಲ್ಲ ಎಂಬುದು.

ಕೊಸರುವ ಶಕ್ತಿ ಮುಗಿದು ಮೈ ಸಡಿಲಬಿಟ್ಟೆ. ಮಗಳೆಂಬುದು ಅವನ ತಲೆಯಲ್ಲಿಲ್ಲ; ಹಾಗಾದರೆ ಅಲ್ಲಿ ಇನ್ನೇನು ಉಳಿದಿದೆ?

"ಸೋತೇನ್ರಿ ವಸ್ತಾದ್ರ" ಎಂದು ಉಸುರಿದೆ. "ಸೋತೇನಿ, ಬಿಡ್ರಿ."

ತೋಳು ತಟ್ಟನೆ ಬಿಟ್ಟಿತು.

ಕೆಮ್ಮುತ್ತಿದ್ದ ನನ್ನನ್ನು ಅಪ್ಪನೇ ಎಬ್ಬಿಸಿ ಕೂರಿಸಿದ. ಬಿದ್ದವನ ಮೈಯನ್ನು ಕೆಡವಿದವನೇ ತಿಕ್ಕಬೇಕೆಂಬುದು ಅವನ ಗರಡಿಯ ರೂಢಿ. ಬಟ್ಟಲಿನ ಎಣ್ಣೆಯಲ್ಲಿ ಕೈ ಅದ್ದಿ ನನ್ನ ಮಣಿಕಟ್ಟು ತಿಕ್ಕಿದ, ಆಮೇಲೆ ಕುತ್ತಿಗೆ. ಅದೇ ಬೆರಳುಗಳು. ನೋವು ಎಲ್ಲಿದೆಯೆಂದು ನಾನು ಹೇಳಬೇಕಾಗಲಿಲ್ಲ. ಇಷ್ಟು ಅಕ್ಕರೆಯಿಂದ ಅಪ್ಪ ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ, ದುಃಖ ಒತ್ತರಿಸಿ ಬಂತು.

"ಭಾಳ ನೋವಾತೇನ ತಮ್ಮಾ?"

"ಇಲ್ರಿ."

"ಚಲೋ ಆಡಿದಿ. ಯಾರ ಮಗಾನೋ ನೀ?"

ನಿನ್ನ ಮಗಳು ಎನ್ನಲು ಬಾಯಿ ತೆರೆದೆ. ಅವನ ಕೈ ಇನ್ನೂ ನನ್ನ ಕುತ್ತಿಗೆಯ ಮೇಲಿತ್ತು.

"ಹುನಗುಂದದಾಂವ್ರಿ" ಎಂದೆ.