ಪೆನ್ ಡ್ರೈವ್ ಮೇಲಿಟ್ಟ ಎಲೆ ಅಡಿಕೆ

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಎರಡೂ ಬೇಡ, ಕೈಯಾಡಿದರೆ ಸಾಕು. ಇಂಥವಳು ಕಂಪ್ಯೂಟರ್ ಕಂಪನಿಯವನ ಹತ್ತಿರ ಜಗಳ ಆಡಿದಳು ಅಂತ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಾರೆ. ಜಗಳ ಆಡಿದ್ದು ನಿಜ. ಮಿಕ್ಕಿದ್ದನ್ನು ನಾನೇ ಬರೆದಿಡುತ್ತೇನೆ.

ನನ್ನ ಮಗಳು ರೇಷ್ಮೆ ಸೀರೆಯ ಅಂಚಿಗೆ ಡಿಸೈನ್ ಬರೆಯುತ್ತಾಳೆ. ಮೊದಲು ಒಬ್ಬ ಮಾಲೀಕರ ಮನೆಯಲ್ಲಿ ಬರೆಯುತ್ತಿದ್ದಳು. ಕೈ ಇವಳದು, ಹೆಸರು ಅವರದು. ಒಂದು ದಿನ ಸಾಕಾಯಿತು ಅಂತ ಎದ್ದು ಬಂದಳು. ಚಳ್ಳಕೆರೆಯಿಂದ ಒಂದು ಹಳೇ ಕಂಪ್ಯೂಟರ್ ತಂದು, ನಮ್ಮ ಯಜಮಾನರು ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಮಗ್ಗದ ಕೋಣೆಯಲ್ಲಿ ಇಟ್ಟಳು. ಡಿಸೈನ್ ಬರೆಯೋ ಸಾಫ್ಟ್‌ವೇರನ್ನು ಅಂಗಡಿಯವನೇ ಹಾಕಿಕೊಟ್ಟಿದ್ದ. ಕೆಟ್ಟರೆ ಮತ್ತೆ ಹಾಕಿಕೊಳ್ಳಲಿ ಅಂತ ಒಂದು ಪೆನ್ ಡ್ರೈವಿನಲ್ಲೂ ತುಂಬಿ ಕೊಟ್ಟಿದ್ದ. ಸೀಮೆಎಣ್ಣೆ ಸ್ಟೌ ಕೊಂಡರೆ ಜೊತೆಗೆ ಪಿನ್ನು ಕೊಡುತ್ತಿದ್ದರಲ್ಲ, ಹಂಗೇ ಇದೂ ಅಂತ ನಾನು ತಿಳಿದಿದ್ದೆ.

ಕಂಪ್ಯೂಟರ್ ಹಚ್ಚಿದಾಗಲೆಲ್ಲ ಇಂಗ್ಲಿಷಿನಲ್ಲಿ ಒಂದು ಕೆಂಪು ಚೀಟಿ ಎದ್ದು ನಿಲ್ಲುತ್ತಿತ್ತು. ಮಗಳು ನೊಣ ಹೊಡೆದಂಗೆ ಅದನ್ನು ಹೊಡೆದು ಓಡಿಸುತ್ತಿದ್ದಳು.

"ಏನೇ ಅದು?" ಅಂತ ಕೇಳಿದೆ.

"ಏನಿಲ್ಲವ್ವ, ಸುಮ್ನೆ ಬರ್ತೈತೆ."

ಸುಮ್ಮನೆ ಯಾವುದೂ ಬರುವುದಿಲ್ಲ. ಆದರೆ ಇಂಗ್ಲಿಷು ನನ್ನ ಮನೆಯ ಸಾಮಾನಲ್ಲ, ಬಿಟ್ಟೆ.

ಅವಳ ಕೈಗೆ ಮೊದಲು ಸಿಕ್ಕ ದೊಡ್ಡ ಕೆಲಸ ಅಂದರೆ ಚಳ್ಳಕೆರೆಯ ಒಬ್ಬ ಬಟ್ಟೆ ಅಂಗಡಿ ಸಾಹುಕಾರರದು. ನಿಮ್ಮ ಮನೆಯ ಗಿಳಿ ಅಂಚನ್ನೇ ಹೊಸ ಥರ ಬರೆದುಕೊಡು, ಮದುವೆ ಸೀಜನ್ನಿಗೆ ಮುಂಚೆ ಸೀರೆ ಕಣ್ಣಿಗೆ ಬೀಳಬೇಕು, ಹಿಡಿಸಿದರೆ ಇನ್ನು ಮೇಲೆ ಎಲ್ಲ ಡಿಸೈನೂ ನಿಂದೇ ಅಂದಿದ್ದರು. ಅವರ ನೇಕಾರ ಮಗ್ಗಕ್ಕೆ ಹಾಸಿನ ನೂಲು ಹಾಕಿ ಕಾಯುತ್ತಿದ್ದ. ಮಗಳು ಊಟಕ್ಕೂ ಏಳದೆ ಕೂತಿದ್ದಳು. "ಇದು ತಪ್ಪಿದ್ರೆ ಮತ್ತೆ ಮಾಲೀಕರ ಮನೆ ಮೆಟ್ಲು ಹತ್ಬೇಕವ್ವ" ಅಂತ ಒಂದೇ ಸಲ ಹೇಳಿದಳು. ಎರಡನೇ ಸಲ ಹೇಳುವ ಹುಡುಗಿಯಲ್ಲ.

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ಮೊದಲೆಲ್ಲ ಡಿಸೈನು ಅಂದರೆ ತೂತು ಹೊಡೆದ ರಟ್ಟಿನ ಕಾರ್ಡು. ಸಾಲಾಗಿ ಹೊಲಿದು ಮಗ್ಗದ ಮೇಲೆ ಸರ ಕಟ್ಟುವುದು. ಒಂದು ಮನೆಯ ಸರ ಇನ್ನೊಂದು ಮನೆಗೆ ಬೇಕಾದರೆ ಆ ಮನೆಯ ಹೆಂಗಸು ಎಲೆ ಅಡಿಕೆ ಹಿಡಿದು ಬರುತ್ತಾಳೆ. ಎಲೆ ಅಡಿಕೆ ತಗೊಂಡ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ಆದರೆ ಎರವಲು ಒಯ್ದವರು ಸರ ಮಗುಚಿ ಹಾಕಿಕೊಂಡು ನೇಯಬೇಕು. ಮಗುಚಿದರೆ ಗಿಳಿಯ ಮುಖ ಆ ಕಡೆ ತಿರುಗುತ್ತದೆ. ನಮ್ಮ ಗಿಳಿ ಸೆರಗಿನ ಕಡೆ ನೋಡುತ್ತದೆ. ಸೆರಗಿಗೆ ಬೆನ್ನು ಹಾಕಿದ ಗಿಳಿ ಕಂಡರೆ ಇದು ಎರವಲಿನದು, ಇಂಥ ಮನೆಯದು ಅಂತ ಓಣಿಗೆಲ್ಲ ಗೊತ್ತು. ಯಾರೂ ಯಾರನ್ನೂ ಕಳ್ಳ ಅನ್ನಲಿಲ್ಲ.

ಮಗಳು ಜರಿ ತರಲು ಹೋಗಿದ್ದ ಒಂದು ಬೆಳಿಗ್ಗೆ ಎದುರುಮನೆ ವದಿನ ಬಂದಳು. ವದಿನ ಅಂದರೆ ನಮ್ಮಲ್ಲಿ ಅತ್ತಿಗೆ, ಆದರೆ ಇವಳು ಬಳಗವಲ್ಲ, ಬರೀ ಬಾಯಿ ಬಳಕೆ; ಅವಳು ನನ್ನನ್ನೂ ಹಂಗೇ ಕರೆಯುತ್ತಾಳೆ. ಕೈಯಲ್ಲಿ ಎಲೆ ಅಡಿಕೆ.

"ವದಿನಾ, ನಮ್ಮ ಸೊಸೇನೂ ಕಂಪ್ಯೂಟರ್ ಕಲಿತಿದ್ದಾಳೆ. ನಿಮ್ಮನೇಲಿ ಡಿಸೈನ್ ಬರ್ಯೋದು ಪೆನ್ನಿನಾಗೆ ಐತಂತಲ್ಲ, ಕೊಡ್ತೀಯಾ?"

"ಕೊಡ್ದೆ ಏನು. ಹೊತ್ತು ಮುಳುಗೋದ್ರೊಳಗೆ ವಾಪಸ್ ಕೊಡು."

ಎಲೆ ಅಡಿಕೆ ತಗೊಂಡೆ, ಪೆನ್ ಡ್ರೈವ್ ಕೊಟ್ಟೆ. ಸಂಜೆ ವಾಪಸ್ ತಂದಳು, ಅದರ ಮೇಲೂ ಒಂದು ಎಲೆ ಇಟ್ಟಿದ್ದಳು. ಮರ್ಯಾದಸ್ಥೆ.

ಮಾರನೇ ದಿನ ಮಗಳ ಕಂಪ್ಯೂಟರಿನಲ್ಲಿ ಕೆಂಪು ಚೀಟಿ ಎದ್ದಿತು. ಹೊಡೆದಳು, ಹೋಗಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದಳು, ಅಲ್ಲೇ ಇತ್ತು. ಕೆಳಗೆ ಒಂದು ಫೋನ್ ನಂಬರು ಬೇರೆ. ಅರ್ಧ ಬರೆದ ಗಿಳಿ ಆ ಚೀಟಿಯ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಎದುರುಮನೆಯಿಂದ ಸೊಸೆ ಓಡಿಬಂದಳು, "ಅಕ್ಕಾ, ನಂದೂ ನಿಂತೋತು" ಅಂತ. ಆಗ ಮಗಳು ನನ್ನ ಮುಖ ನೋಡಿದಳು.

"ಅವ್ವಾ, ಕೊಟ್ಯಾ?"

"ಕೊಟ್ಟೆ. ಎಲೆ ಅಡಿಕೆ ತಂದಿದ್ಲು."

"ಅದು ಕಾಸು ಕೊಟ್ಟು ತಂದಿದ್ದಲ್ಲವ್ವ, ಕದ್ದು ಹಾಕ್ಕೊಟ್ಟಿದ್ದು. ಅದ್ರೊಳಗಿನ ಒಂದೇ ನಂಬರು ಎರಡು ಮನೇಲಿ ಕಂಡ್ರೆ ಕಂಪನಿಗೆ ಗೊತ್ತಾಗ್ತೈತೆ."

"ನೀನು ಹೇಳಿದ್ಯಾ ನಂಗೆ? ಸುಮ್ನೆ ಬರ್ತೈತೆ ಅಂದಿ."

ಅವಳು ಚಪ್ಪಲಿ ಮೆಟ್ಟಿದಳು. ಸಿಟ್ಟಿನಲ್ಲೇ ಚಳ್ಳಕೆರೆ ಬಸ್ಸು ಹತ್ತಿದಳು. ಹಾಕಿಕೊಟ್ಟ ಅಂಗಡಿಯವನು ಫೋನ್ ಎತ್ತುತ್ತಿರಲಿಲ್ಲ.

ಅವಳು ಅತ್ತ ಹೋದಳು, ಇತ್ತ ನಾನು ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಅಂಕಿ ನನಗೆ ಬರುತ್ತವೆ. ನಿಲ್ಲಿಸಿದವನನ್ನೇ ಕೇಳಿದರೆ ತೆಗೀತಾನೆ ಅನ್ನುವುದು ನನ್ನ ಲೆಕ್ಕ. ಕರೆಂಟು ಹೋದರೆ ಲೈನ್‌ಮನ್ನನ್ನೇ ಅಲ್ಲವೇ ಕೇಳುವುದು. ಒಂದು ಹುಡುಗಿ ಎತ್ತಿದಳು.

"ನಿಮ್ಮ ಲೈಸೆನ್ಸ್ ನಂಬರ್ ಹೇಳಿ, ಅಮ್ಮ."

"ಲೈಸೆನ್ಸ್ ಗಾಡಿಗೆ ಇರ್ತೈತೆ. ಇದು ಕಂಪ್ಯೂಟ್ರು."

"ಸಾಫ್ಟ್‌ವೇರ್ ಎಲ್ಲಿ ತಗೊಂಡ್ರಿ?"

"ತಗೊಂಡಿಲ್ಲ ತಾಯಿ. ಚಳ್ಳಕೆರೇಲಿ ಸುಮ್ನೆ ಹಾಕ್ಕೊಟ್ರು. ನಾನು ಎದುರುಮನೇಗೂ ಕೊಟ್ಟೆ. ಈಗ ಎರಡೂ ನಿಂತವೆ. ತೆಗೀರಿ."

ಆ ಕಡೆ ಟಕಟಕ ಅಂತ ಕೀ ಒತ್ತುವ ಸದ್ದು. ಆಮೇಲೆ ಊರು, ಓಣಿ, ಮನೆ ಗುರುತು ಎಲ್ಲ ಕೇಳಿದಳು. ಎಲ್ಲ ಹೇಳಿದೆ. ಗುರುತಿಗೆ ಬೇವಿನ ಮರ ಇದೆ ಅಂತಲೂ ಹೇಳಿದೆ.

ಮಗಳು ಬರಿಗೈಯಲ್ಲಿ ವಾಪಸ್ ಬಂದಳು. ಅಂಗಡಿಗೆ ಬೀಗ. ನಾನು ಫೋನ್ ಮಾಡಿದ ಸುದ್ದಿ ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು. "ಕಂಪನಿಯೋರಿಗೇ ಅಡ್ರೆಸ್ ಕೊಟ್ಟಿದ್ದೀಯಲ್ಲವ್ವ" ಅಂದಳು. ಕೊಡದೆ ಕಂಪನಿಯವನು ಹೆಂಗೆ ಬರಬೇಕು?

ಬಂದ. ಆ ವಾರವೇ. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ, ಬಳ್ಳಾರಿ ಕಡೆಯಿಂದ ಬರುತ್ತಾ ರಾಂಪುರದಲ್ಲಿ ಇಳಿದು ದಾರಿ ಕೇಳಿಕೊಂಡು ಬಂದೆ ಅಂದ. ಮಜ್ಜಿಗೆ ಕೊಟ್ಟೆ, ಕುಡಿದ. ಕಂಪ್ಯೂಟರ್ ನೋಡಿದ. ಆಮೇಲೆ ಮಗಳ ಕಡೆ ತಿರುಗಿ, "ಮೇಡಂ, ಇದು ಕಳ್ಳತನ" ಅಂದ. ಮಗಳು ನೆಲ ನೋಡಿದಳು.

ನಾನು ನೋಡಲಿಲ್ಲ. "ಆ ಮಾತನ್ನ ಹೊರಗಿಟ್ಟು ಬಂದು ಕೂರಪ್ಪ" ಅಂದೆ.

"ಅಮ್ಮ, ನಾನು ಕಾನೂನು ಹೇಳ್ತಿದ್ದೀನಿ."

"ಕಳ್ಳರು ಫೋನ್ ಮಾಡಿ ಬೇವಿನ ಮರದ ಗುರುತು ಹೇಳ್ತಾರೇನು?"

ಅವನಿಗೆ ನಗು ಬಂತೋ ಸಿಟ್ಟು ಬಂತೋ, ಮಜ್ಜಿಗೆ ಲೋಟ ಎತ್ತಿ ಬಾಯಿಗೆ ಅಡ್ಡ ಹಿಡಿದ. ಲೋಟ ಖಾಲಿಯಾಗಿತ್ತು. ಕೇಸು ಮಾಡೋಕೆ ಬಂದಿಲ್ಲ, ದುಡ್ಡು ಕಟ್ಟಿದರೆ ಇವತ್ತೇ ತೆರೆಯುತ್ತೇನೆ, ಅರ್ಧ ಬರೆದಿದ್ದೂ ವಾಪಸ್ ಸಿಗುತ್ತದೆ ಅಂದ. ಮಗಳು ಆಗಲೇ ತಲೆಯಾಡಿಸಿದ್ದಳು. ಅವಳಿಗೆ ಗಿಳಿ ಬೇಕಾಗಿತ್ತು. ನನಗೆ ಒಂದು ಮಾತು ತಿಳಿಯಬೇಕಾಗಿತ್ತು.

"ದುಡ್ಡು ಕಟ್ಟಿದ್ ಮೇಲೆ ಇದು ನಮ್ದಾಗ್ತೈತಾ?"

"ಆಗುತ್ತೆ ಅಮ್ಮ."

"ಹಂಗಾದ್ರೆ ಎದುರುಮನೇಗೆ ಕೊಡಬಹುದು."

"ಕೊಡಂಗಿಲ್ಲ."

"ನಾಳೆ ಬೇಡ ಅಂದ್ರೆ ಮಾರಬಹುದು."

"ಮಾರಂಗಿಲ್ಲ. ನೀವು ಬಳಸಬಹುದು, ಅಷ್ಟೇ. ವರ್ಷ ಆದ ಮೇಲೆ ಮತ್ತೆ ಕಟ್ಟಬೇಕು."

"ಇದಕ್ಕೆ ನಮ್ಮೂರಲ್ಲಿ ಬಾಡಿಗೆ ಅಂತಾರೆ. ಬಾಡಿಗೆ ಅಂತ ಹೇಳು, ಕೊಡ್ತೀವಿ. ನಮ್ದು ಅಂತ ಹೇಳಬೇಡ."

"ಅವ್ವಾ, ಸಾಕು" ಅಂತ ಮಗಳು ಹಲ್ಲು ಕಚ್ಚಿದಳು. ಸಾಕಾಗಿರಲಿಲ್ಲ. ವದಿನಳ ಎಲೆ ಅಡಿಕೆ ತಗೊಂಡಿದ್ದೆ. ಅದನ್ನು ಬಾಯಿಗೆ ಹಾಕಿಕೊಂಡೂ ಆಗಿತ್ತು. ಕೊಟ್ಟದ್ದು ಕೆಟ್ಟುಹೋಯಿತು ಅಂದರೆ ಕೊಡದೆ ಇದ್ದ ಹಾಗೇ. ಅದಕ್ಕೆ ಇನ್ನೊಂದು ಕೇಳಿದೆ.

"ಬಾಡಿಗೆ ಈ ಕಂಪ್ಯೂಟ್ರಿಗೋ, ಇದರ ಮುಂದೆ ಕೂತೋರಿಗೋ?"

ಅವನು ಯೋಚನೆ ಮಾಡಿದ. "ಈ ಕಂಪ್ಯೂಟರಿಗೆ. ಯಾರು ಕೂತ್ಕೋತಾರೆ ಅನ್ನೋದು ನಿಮ್ಮ ಮನೆ ವಿಚಾರ."

"ಮಾತು ಬದಲಾಯಿಸಂಗಿಲ್ಲ."

"ಇಲ್ಲ ಅಮ್ಮ."

ಮಗಳು ದುಡ್ಡು ಕಟ್ಟಿದಳು. ಕಷ್ಟಪಟ್ಟೇ ಕಟ್ಟಿದಳು, ಆ ಪುರಾಣ ಬೇಡ. ಕೆಂಪು ಚೀಟಿ ಹೋಯಿತು, ಗಿಳಿ ಹೊರಗೆ ಬಂತು. ಸಾಹುಕಾರರ ಸೀರೆ ಸ್ವಲ್ಪ ತಡವಾಯಿತು, ಗೊಣಗಿದರು, ತಗೊಂಡರು. ಆಮೇಲೆ ಎರಡನೇ ಅಂಚೂ ಕೇಳಿದರು. ಮಾಲೀಕರ ಮನೆ ಮೆಟ್ಟಿಲು ಮಗಳು ಹತ್ತಲಿಲ್ಲ.

ನನ್ನದು ತಪ್ಪಾಯಿತು ಅಂತ ಈಗಲೂ ಕೆಲವರು ಹೇಳಿಸಲು ನೋಡುತ್ತಾರೆ. ಹೇಳುವುದಿಲ್ಲ. ದುಡಿದು ಮಾಡಿದವನಿಗೆ ದುಡ್ಡು ಸಿಗಬೇಕು, ಅದು ನೇಯೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟೆವು. ಆದರೆ ಕೇಳಿ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿ ಕಂಪನಿಯವರು ಬೇಡ ಅಂದಿದ್ದಾರೆ ಅಂತ ವಾಪಸ್ ಕಳಿಸು ಅಂದರೆ ಅದು ನನ್ನ ಕೈಲಿ ಆಗುವುದಿಲ್ಲ.

ಮಧ್ಯಾಹ್ನ ಊಟ ಆದಮೇಲೆ ಮಗಳು ಸ್ವಲ್ಪ ಅಡ್ಡಾಗುತ್ತಾಳೆ. ಆಗ ಎದುರುಮನೆ ಸೊಸೆ ಬಂದು ನಮ್ಮ ಕುರ್ಚಿಯಲ್ಲಿ ಕೂರುತ್ತಾಳೆ. ಮೊದಲನೇ ದಿನ ಅವಳಿಗೆ ಬೇಕಾಗಿದ್ದು ನಮ್ಮ ಗಿಳಿಯೇ. ಮಲಗಿದ್ದ ಮಗಳು ಕಣ್ಣು ಮುಚ್ಚಿಕೊಂಡೇ ಯಾವ ಗುಂಡಿ ಒತ್ತಬೇಕು ಅಂತ ಹೇಳಿದಳು. ಸೊಸೆ ಒತ್ತಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಗಿಳಿ ಒಂದೇ ಏಟಿಗೆ ಸೆರಗಿಗೆ ಬೆನ್ನು ಹಾಕಿ ಕೂತಿತು.