ಪಟ್ಟಿಯಿಂದ ಬಿಟ್ಟ ಹೆಸರು

ನನ್ನ ಹೆಂಡತಿ ಕಾವೇರಿ ಚಳಿ ಎಂದು ಒಳಗೆ ಬಂದಾಗ ಮಟಮಟ ಮಧ್ಯಾಹ್ನ. ಕಣದಲ್ಲಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು, ಕಾಲಿಟ್ಟರೆ ಸುಡುವ ಬಿಸಿಲು. ಎರಡು ಕಂಬಳಿ ಹೊದಿಸಿದೆ. ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಸಂಜೆಗೆ ಮೈ ಕೆಂಡ. ಆಮೇಲೆ ಬೆವರು. ಮರುದಿನ ಎದ್ದು ದೋಸೆ ಹುಯ್ದಳು. ಬಿಸಿಲು ತಾಗಿರಬೇಕು ಎಂದುಕೊಂಡೆವು.

ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ಬಂತು.

ಗೋಣಿಬೀಡಿನ ಹತ್ತಿರದ ಈ ಎಸ್ಟೇಟಿನಲ್ಲಿ ನಾನು ರೈಟರು. ಹಾಜರಿ ಬರೆಯುವವನಿಗೆ ಮಲೇರಿಯಾದ ಗುರುತು ಯಾರೂ ಹೇಳಿಕೊಡಬೇಕಾಗಿಲ್ಲ. ದಿನ ಬಿಟ್ಟು ದಿನ ಕೆಲಸ ತಪ್ಪಿಸುವ ಆಳಿಗೆ ಅದೇ. ಆಳುಗಳ ಲೈನುಮನೆಗಳಲ್ಲಿ ಬಂದರೆ ದೂರದಿಂದಲೇ ಹೇಳುತ್ತಿದ್ದೆ. ನನ್ನ ಮನೆಯೊಳಗೆ ಬಂದದ್ದನ್ನು ಒಪ್ಪಿಕೊಳ್ಳಲು ನನಗೆ ಐದು ದಿನ ಬೇಕಾಯಿತು.

ಎಸ್ಟೇಟಿನಲ್ಲಿ ಅದರ ಔಷಧ ಕ್ವಿನೈನ್ ಇತ್ತು. ನಮಗೆ ಇರಲಿಲ್ಲ. ಅದು ನಾನೇ ಮಾಡಿಕೊಂಡದ್ದು.

ಎರಡು ವರ್ಷದ ಹಿಂದೆ ಎಸ್ಟೇಟಿನ ಸಾಹುಕಾರರು ಔಷಧದ ಫಂಡು ಮಾಡೋಣ ಎಂದರು. ತಿಂಗಳಿಗೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕುವುದು, ಅಷ್ಟನ್ನೇ ಎಸ್ಟೇಟೂ ಹಾಕುವುದು, ಯಾರಿಗೆ ಜ್ವರ ಬಂದರೂ ಔಷಧ ಅದರಿಂದ. ಕಣದಲ್ಲಿ ಸಭೆ ಸೇರಿತು. ಘಟ್ಟದ ಕೆಳಗಿನಿಂದ ಬರುವವರು, ಕೊಯ್ಲು ಮುಗಿಸಿ ಇಳಿದುಹೋಗುವ ನಾವು ವರ್ಷವಿಡೀ ಯಾಕೆ ಕೊಡಬೇಕು ಎಂದರು. ಗಟ್ಟಿಮುಟ್ಟಾದವರು, ಇನ್ನೊಬ್ಬರ ಜ್ವರಕ್ಕೆ ನಮ್ಮ ಕೂಲಿ ಯಾಕೆ ಎಂದರು. ಜ್ವರದಲ್ಲಿ ಮಲಗಿದ್ದವರು ಸಭೆಗೆ ಬಂದೇ ಇರಲಿಲ್ಲ. ಗೊಣಗಿಕೊಂಡೇ ಕೊನೆಗೆ ಎಲ್ಲರೂ ಒಪ್ಪಿದರು.

ಪಟ್ಟಿ ಬರೆದವನು ನಾನು. ರೈಟರ ಸಂಸಾರವೂ ಸೇರಲಿ ಎಂದರು ಸಾಹುಕಾರರು. ಬೇಡ ಎಂದೆ. ನಾವು ಸಂಬಳದವರು, ಬೇಕಾದರೆ ಮೂಡಿಗೆರೆಯಲ್ಲಿ ಕೊಂಡುಕೊಳ್ಳುತ್ತೇವೆ ಎಂದು ಜಂಬ ಕೊಚ್ಚಿದೆ. ನಿಜ ಹೇಳಬೇಕೆಂದರೆ, ನನ್ನ ಹೆಂಡತಿ ಲೈನಿನವರ ಜೊತೆ ಸಾಲಿನಲ್ಲಿ ನಿಲ್ಲುವುದು ನನಗೆ ಬೇಡವಾಗಿತ್ತು. ಕಾವೇರಿಯನ್ನು ಒಂದು ಮಾತು ಕೇಳಲೂ ಇಲ್ಲ.

ಆಮೇಲೆ ಯುದ್ಧ ನಮ್ಮ ಕಡೆಗೂ ಬಂತು. ಜಪಾನಿನವರು ಜಾವಾ ಹಿಡಿದರು. ಕ್ವಿನೈನ್ ಬರುತ್ತಿದ್ದುದು ಅಲ್ಲಿಂದ ಎಂದು ನನಗೆ ತಿಳಿದದ್ದು ಮೂಡಿಗೆರೆಯ ಅಂಗಡಿಯವನು ಬರಿಗೈ ಆಡಿಸಿದ ದಿನ. ಕದ್ದು ಮಾರುವವನೊಬ್ಬನ ಹತ್ತಿರ ಇತ್ತು. ಕಾವೇರಿಯ ಬಳೆ ಮಾರಿ ತಂದೆ. ನಾಲ್ಕು ದಿನ ಕೊಟ್ಟರೂ ಜ್ವರ ಜಗ್ಗಲಿಲ್ಲ. ವಾರಕ್ಕೊಮ್ಮೆ ಎಸ್ಟೇಟಿಗೆ ಬರುವ ಕಾಂಪೌಂಡರು ಒಂದು ಗುಳಿಗೆಯನ್ನು ನಾಲಿಗೆಗೆ ಮುಟ್ಟಿಸಿ ನನ್ನ ಮುಖ ನೋಡಿದರು. ಕ್ವಿನೈನಿಗೆ ಇರಬೇಕಾದ ಕಹಿಯೇ ಅದಕ್ಕೆ ಇರಲಿಲ್ಲ.

ಅವರು ಕಾವೇರಿಯ ಹೊಟ್ಟೆ ಒತ್ತಿ ನೋಡಿ, ಸ್ಪ್ಲೀನ್, ಅಂದರೆ ಗುಲ್ಮ, ದೊಡ್ಡದಾಗಿದೆ, ಏಳು ದಿನ ಒಳ್ಳೆಯ ಕ್ವಿನೈನ್ ಬೀಳದಿದ್ದರೆ ಕಷ್ಟ ಎಂದರು. ಫಂಡಿನದ್ದು ಕೊಡಿ ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ಈಗ ಫಂಡಿನ ಗುಳಿಗೆಯನ್ನೂ ಸರ್ಕಾರವೇ ಪಟ್ಟಿ ನೋಡಿ ಎಣಿಸಿ ಕೊಡುತ್ತೆ ರೈಟರೇ. ಪಟ್ಟಿ ನಿಮ್ಮ ಅಕ್ಷರದಲ್ಲೇ ಇದೆ."

ಕದಿಯುವ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಗುಳಿಗೆ ಹಂಚುತ್ತಿದ್ದವನು ಆಳುಗಳ ಮೇಸ್ತ್ರಿ. ಬೆಳಿಗ್ಗೆ ಹಾಜರಿಯ ಮಸ್ಟರಿನಲ್ಲಿ, ಜ್ವರ ಬಾರದಿರಲೆಂದು, ಪ್ರತಿಯೊಬ್ಬರೂ ದಿನಕ್ಕೊಂದು ನುಂಗಿ ನನ್ನೆದುರು ಬಾಯಿ ತೆರೆದು ತೋರಿಸಬೇಕಿತ್ತು. ಇಲ್ಲದಿದ್ದರೆ ಕಹಿ ತಡೆಯದೆ ಗಿಡದ ಬುಡಕ್ಕೆ ಉಗಿಯುತ್ತಿದ್ದರು. ಮನೆಯಲ್ಲಿ ಹೆಂಡತಿ ನಡುಗುತ್ತಿದ್ದಾಗ ನಾನು ಅವರಿವರ ನಾಲಿಗೆ ಎತ್ತಿಸಿ ನೋಡುತ್ತಿದ್ದೆ.

ಹೊನ್ನಮ್ಮ ಲೈನಿನ ಹೆಂಗಸು, ಕಾಫಿ ಕುಯ್ಯುವವಳು. ಕಾವೇರಿ ಮಲಗಿದ ಮೇಲೆ ನಮಗೆ ಸೌದೆ ತಂದುಹಾಕುತ್ತಿದ್ದಳು. ಒಂದು ದಿನ ಮಸ್ಟರು ಮುಗಿದ ಮೇಲೆ ಹಿತ್ತಲಿಗೆ ಬಂದು ಎಲೆಯ ಪೊಟ್ಟಣ ಬಿಚ್ಚಿದಳು. ಎರಡು ಗುಳಿಗೆ. ಒದ್ದೆ. ಅಂಚು ಕರಗಿತ್ತು.

"ಬಾಯಲ್ಲಿ ಅಡಗಿಸಿದ್ದು ರೈಟ್ರೇ. ನಂದೊಂದು, ನಮ್ಮೋರದ್ದೊಂದು. ತೊಳೆದ್ರೆ ಕರಗ್ತದೆ, ಹಂಗೇ ಕೊಡಿ."

ಎಂಜಲು.

ನನ್ನ ತಾಯಿ ಬದುಕಿದ್ದಿದ್ದರೆ ಅದನ್ನು ಮುಟ್ಟಿದ್ದಕ್ಕೇ ನನಗೆ ಸ್ನಾನ ಮಾಡಿಸುತ್ತಿದ್ದಳು. ಹೊನ್ನಮ್ಮ ಹೋದ ಮೇಲೂ ನಾನು ಪೊಟ್ಟಣ ಹಿಡಿದು ನಿಂತೇ ಇದ್ದೆ. ಹೇಸಿಗೆಯಾಯಿತು, ಹೇಸಿಗೆಪಟ್ಟುಕೊಳ್ಳುತ್ತಿರುವ ನನ್ನ ಮೇಲೆ ಸಿಟ್ಟೂ ಬಂತು. ಒಳಗೆ ಹೋಗಿ ಬೆಲ್ಲದಲ್ಲಿ ಹುದುಗಿಸಿ ಕಾವೇರಿಗೆ ನುಂಗಿಸಿದೆ. ಎಲ್ಲಿಂದ ಬಂತೆಂದು ಹೇಳಲಿಲ್ಲ. ಹೀಗೆ ಏಳು ದಿನ. ಮಸ್ಟರಿನಲ್ಲಿ ಹೊನ್ನಮ್ಮ, ಅವಳ ಗಂಡ ಬಾಯಿ ತೆರೆದಾಗ ನೋಡಿಯೂ ನೋಡದವನಂತೆ ಹೂಂ ಎಂದು ಮುಂದೆ ಕಳಿಸಿದೆ.

ಜ್ವರ ಬಿಟ್ಟಿತು. ಕಾವೇರಿ ಗೋಡೆ ಹಿಡಿದು ಜಗಲಿಯವರೆಗೆ ಬಂದ ದಿನ ನಾನು ಕೊಟ್ಟಿಗೆಯಲ್ಲಿ ಒಬ್ಬನೇ ನಿಂತು ಅತ್ತೆ. ಆಮೇಲೆ ಅವಳಿಗೆ ಎಲ್ಲ ಹೇಳಿದೆ. ಅವಳು ಬೆಚ್ಚಿಬೀಳಲಿಲ್ಲ.

"ಒದ್ದೆ ಇತ್ತಲ್ಲ, ಗೊತ್ತಾಗಲ್ವಾ? ಕೇಳಿದ್ರೆ ನೀವು ಕೊಡೋದು ನಿಲ್ಲಿಸ್ತೀರಿ ಅಂತ ಸುಮ್ಮನಿದ್ದೆ."

ಇಷ್ಟಕ್ಕೇ ನಿಂತಿದ್ದರೆ ದೇವರಿಗೆ ಕೈಮುಗಿದು ಮುಗಿಸುತ್ತಿದ್ದೆ. ಆದರೆ ಅದೇ ತಿಂಗಳು ಔಷಧದ ಬೆಲೆ ಮತ್ತೆ ಏರಿ, ಫಂಡಿನ ದುಡ್ಡು ಸಾಲದೆ ಹೋಯಿತು. ಕಣದಲ್ಲಿ ಮತ್ತೆ ಸಭೆ. ಈ ಸಲ ಮೊದಲು ಎದ್ದವನು ನಾನು. ಎಲ್ಲರೂ ಇನ್ನಷ್ಟು ಹಾಕೋಣ, ನನ್ನ ಹೆಸರೂ ಸೇರಿಸಿಕೊಳ್ಳಿ, ಒಬ್ಬೊಬ್ಬರೇ ಇದನ್ನು ಕೊಳ್ಳಲಾರೆವು ಎಂದು ಬೇಡಿಕೊಂಡೆ. ಮೇಸ್ತ್ರಿ ನಕ್ಕ.

"ನಿಮ್ಮನೇಲಿ ಚಳಿ ಹಿಡಿದ್ಮೇಲೆ ಈ ಬುದ್ಧಿ ಬಂತಾ ಮಾರಾಯ್ರೇ?"

ಹೌದು ಎಂದೆ. ಯಾರೂ ಬೆಂಬಲಕ್ಕೆ ಬರಲಿಲ್ಲ. ಕೂಲಿಯಲ್ಲಿ ಅಕ್ಕಿಗೇ ಸಾಲದವರು ಇನ್ನಷ್ಟು ಹೇಗೆ ಕೊಟ್ಟಾರು? ಫಂಡು ಮುಚ್ಚಿತು, ಮಸ್ಟರಿನ ಗುಳಿಗೆಯೂ ನಿಂತಿತು.

ಆಮೇಲೆ ಒಂದು ದಿನ ಹೊನ್ನಮ್ಮ ಕೆಲಸಕ್ಕೆ ಬರಲಿಲ್ಲ. ಮರುದಿನ ಬಂದಳು. ಅದರ ಮರುದಿನ ಇಲ್ಲ. ಅವಳ ಹೆಸರಿನ ಮುಂದೆ ದಿನ ಬಿಟ್ಟು ದಿನ ಗೈರುಹಾಜರಿ ಬರೆದೆ.

ನಿನ್ನೆ ಕಾವೇರಿ ಗಂಜಿ ಮಾಡಿ ನನ್ನ ಕೈಯಲ್ಲಿ ಕಳಿಸಿದಳು. ನಾನು ಲೈನುಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊನ್ನಮ್ಮ ಕಂಬಳಿಯೊಳಗೆ ನಡುಗುತ್ತಿದ್ದಳು. ಅಮ್ಮಾರು ಎದ್ರಾ ಎಂದು ಕೇಳಿದಳು. ಎದ್ದಿದ್ದಾಳೆ, ಈ ಗಂಜಿ ಅವಳೇ ಮಾಡಿದ್ದು ಎಂದೆ.

"ಹಂಗಾರೆ ಕೆಲಸ ಮಾಡ್ತದೆ ಆ ಗುಳಿಗೆ," ಎಂದಳು. ಕಂಬಳಿಯಿಂದ ಕೈ ಚಾಚಿ, "ಒಂದಿದ್ರೆ ಕೊಡಿ ರೈಟ್ರೇ."