ಎಲ್ಲರ ಪಾಳಿ ಮಾಡಿದ ಮಾಲವ್ವ

ನಾನು ಮಾಸ್ತರನಾಗಿದ್ದ ದಾಂಡೇಲಿಯ ಶಾಲೆಯಲ್ಲಿ ಮಾಲವ್ವ ಏಳನೆಯ ತರಗತಿಯವರೆಗೆ ಓದಿದಳು. ಪ್ರಾರ್ಥನೆಯ ಹೊತ್ತಿನಲ್ಲಿ ಅವಳ ದನಿ ಅಂಗಳ ದಾಟಿ ರಸ್ತೆಗೆ ಕೇಳುತ್ತಿತ್ತು. ನಡುವೆ ನಗು ಬಂದರೆ ತಡೆದುಕೊಳ್ಳುವುದು ಅವಳಿಂದ ಆಗುತ್ತಿರಲಿಲ್ಲ. ಕಲಘಟಗಿ ಕಡೆಯಿಂದ ಕಾಗದದ ಕಾರ್ಖಾನೆಗೆ ದುಡಿಯಲು ಬಂದ ಮಹಾಂತಪ್ಪನನ್ನು ಮದುವೆಯಾಗಿ, ನಮ್ಮ ಮನೆಯ ಹಿಂದಿನ ಚಾಳದಲ್ಲೇ ಸಂಸಾರ ಹೂಡಿದಳು.

ಆ ಚಾಳದ ಎಂಟು ಮನೆಗಳಿಗೆ ಒಂದೇ ಸಂಡಾಸು. ತೊಳೆಯುವುದು ಮನೆಗೊಂದು ದಿನದ ಪಾಳಿ. ಯಾರ ಬಾಗಿಲಿಗೆ ಕಸಬರಿಗೆ ಒರಗಿರುವುದೋ ಆ ದಿನ ಅವರದು. ತೊಳೆದ ಮೇಲೆ ಅದನ್ನು ಮುಂದಿನ ಬಾಗಿಲಿಗೆ ಇಡಬೇಕು. ಬರಬರುತ್ತ ಕಸಬರಿಗೆ ಮಾತ್ರ ಮುಂದೆ ಹೋಯಿತು, ತೊಳೆಯುವುದು ನಿಂತಿತು. ಹೆಂಗಸರು ಮತ್ತೆ ನಸುಕಿನಲ್ಲಿ ಕಾಳಿ ಹೊಳೆಯ ದಂಡೆಗೆ ಹೋಗತೊಡಗಿದರು. ಅಲ್ಲಿ ಮೊಸಳೆಯ ಭಯ, ದಾರಿಯಲ್ಲಿ ಕುಡುಕರ ಭಯ. ಮಗಳು ನಿರ್ಮಲಾ ದೊಡ್ಡವಳಾದ ವರ್ಷ ಮಾಲವ್ವ ಕಸಬರಿಗೆಯನ್ನು ತನ್ನ ಬಾಗಿಲಲ್ಲೇ ಇರಿಸಿಕೊಂಡಳು. ಫಿನಾಯಿಲ್ ಹಾಕಿ ದಿನವೂ ತಿಕ್ಕಿದಳು. ನಿನ್ನ ಅಡುಗೆಮನೆಗಿಂತ ಸಂಡಾಸೇ ಬೆಳ್ಳಗಿದೆ ಎಂದು ನೆರೆಮನೆಯ ಸಿದ್ದಕ್ಕ ಕಾಡಿಸಿದರೆ ತಾನೂ ನಗುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ನಿರ್ಮಲಾಳನ್ನು ನೋಡಲು ಹಳಿಯಾಳದಿಂದ ಬಂದರು. ಹುಡುಗ ಟೆಂಪೋ ಓಡಿಸುತ್ತಿದ್ದ. ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ಹುಡುಗನ ತಾಯಿ ಸಂಡಾಸಿಗೆ ಹೋಗಿ ಬಂದು, ಚಾಳದ್ದಾದರೂ ಎಷ್ಟು ಸ್ವಚ್ಛವಾಗಿದೆ ಎಂದು ಮೆಚ್ಚಿದರು. ಚಹಾ ಕೊಡುತ್ತಿದ್ದ ಸಿದ್ದಕ್ಕನಿಗೆ ಹೆಮ್ಮೆಯೆನಿಸಿತು.

"ಎಲ್ಲಾ ನಮ್ಮ ಮಾಲವ್ವಂದ ರೀ, ಅಕ್ಕಾರ. ಎಂಟೂ ಮನಿ ಪಾಳಿ ಇಕೀನ ಮಾಡ್ತಾಳ. ನಾವು ಕೈ ಸೈತ ಹಚ್ಚಂಗಿಲ್ಲ."

ಆ ತಾಯಿ ಕಪ್ಪನ್ನು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. ಕೆಲವು ದಿನಗಳ ಮೇಲೆ ಹೇಳಿಕಳಿಸಿದರು: ಮಂದಿಯ ಸಂಡಾಸು ತೊಳೆಯುವವಳ ಮಗಳನ್ನು ತಂದರೆ ನಮ್ಮ ನೆಂಟರು ಯಾರೂ ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ.

ಸಿದ್ದಕ್ಕ ಅಳುತ್ತ ಬಂದಳು, ಒಳ್ಳೆಯದೆಂದೇ ಹೇಳಿದೆ ಎಂದಳು. ಮಾಲವ್ವ ಅವಳನ್ನು ಕೂರಿಸಿ ಸಮಾಧಾನ ಹೇಳಿದಳು. ಆಮೇಲೆ ನಿರ್ಮಲಾ ಅಂದಳು:

"ಯವ್ವಾ, ಇನ್ನ ಮ್ಯಾಲೆ ನೀ ಅದನ್ನ ಮುಟ್ಟಬ್ಯಾಡ. ನನಗ ಹೊಳಿ ದಂಡೀನ ಛಲೋ."

ಮಾಲವ್ವ ಕಸಬರಿಗೆಯನ್ನು ಸಿದ್ದಕ್ಕನ ಬಾಗಿಲಿಗೆ ಇಟ್ಟಳು. ಸಿದ್ದಕ್ಕನಿಗೂ ಮದುವೆಗೆ ಬಂದ ಮಗಳಿದ್ದಳು. ಮಧ್ಯಾಹ್ನದೊಳಗೆ ಅದು ಮುಂದಿನ ಬಾಗಿಲಿಗೆ ಹೋಯಿತು. ಸಂಜೆಗೆ ಎಲ್ಲ ಬಾಗಿಲು ಸುತ್ತಿ ಗೋಡೆಯ ಆಚೆ ಬಿತ್ತು.

ವಾರ ಕಳೆಯುವಷ್ಟರಲ್ಲಿ ನಾತ ನಮ್ಮ ಹಿತ್ತಿಲವರೆಗೆ ಬಂದಿತು. ನಿರ್ಮಲಾ ಉಳಿದ ಹುಡುಗಿಯರೊಂದಿಗೆ ಹೊಳೆಗೆ ಹೋಗತೊಡಗಿದಳು. ಒಂದು ಮುಂಜಾನೆ ಅವಳು ಒಬ್ಬಳೇ ಹೋದಾಗ ಯಾರೋ ಹಿಂದೆ ಬಿದ್ದರು. ಓಡಿ ಬಂದವಳು ಆ ದಿನವೆಲ್ಲ ಊಟ ಮಾಡಲಿಲ್ಲ. ಅಂದು ಮಾಲವ್ವ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು.

"ಮಾಸ್ತರ್ರ, ತೊಳದರ ಆಕಿ ಮದುವಿ ಆಗೂದಿಲ್ಲ. ತೊಳೀದಿದ್ದರ ಆಕಿ ಹೊಳಿಗೆ ಹೋಗೂದು ತಪ್ಪೂದಿಲ್ಲ. ಯಾವುದು ಬಿಡ್ಲಿ?"

ಈಗ ಅವಳು ಮತ್ತೆ ತೊಳೆಯುತ್ತಾಳೆ. ಗಂಡಸರು ಕಾರ್ಖಾನೆಗೂ ನಿರ್ಮಲಾ ಹೊಲಿಗೆ ಕೆಲಸಕ್ಕೂ ಹೋದ ಮೇಲೆ, ಕಸಬರಿಗೆಯ ಬದಲು ಒಂದು ಸಣ್ಣ ಬ್ರಷ್ಷನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಸಪ್ಪಳವಾಗದಂತೆ ನೀರನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾಳೆ. ಚಾಳದ ಹೆಂಗಸರಿಗೆಲ್ಲ ಇದು ಗೊತ್ತು. ಆ ಹೊತ್ತಿನಲ್ಲಿ ಎಷ್ಟೇ ಅವಸರವಾದರೂ ಯಾರೂ ಬಾಗಿಲು ಬಡಿಯುವುದಿಲ್ಲ.